ಹೊತ್ತು ಮುಳುಗುವ ಮುಂಚಿನ ಹೆಪ್ಪು

1998ರ ಜೂನ್ ತಿಂಗಳು. ದಾವಣಗೆರೆ ಜಿಲ್ಲೆಯಾಗಿ ಇನ್ನೂ ವರ್ಷ ತುಂಬಿರಲಿಲ್ಲ. ಹೊಸ ಕಚೇರಿಗಳ ಬೋರ್ಡುಗಳಲ್ಲಿ ಬಣ್ಣದ ವಾಸನೆ ಹೋಗಿರಲಿಲ್ಲ. ನಾನು ಆಗ ನಗರದ ಒಂದು ಕಾಲೇಜಿನಲ್ಲಿ ಸಮಾಜಶಾಸ್ತ್ರದ ಅಧ್ಯಾಪಕಿ. ವಯಸ್ಸು ನಲವತ್ತಾರು, ಸರ್ವಿಸು ಇಪ್ಪತ್ತು ವರ್ಷ. ಜನರನ್ನು ಅರ್ಥ ಮಾಡಿಕೊಳ್ಳಲು ಒಂದು ಒಳ್ಳೆಯ ಪ್ರಶ್ನಾವಳಿ ಇದ್ದರೆ ಸಾಕು ಎಂದು ಮನಸಾರೆ ನಂಬಿದ್ದ ಕಾಲ ಅದು. ಆ ನಂಬಿಕೆಯನ್ನು ನನ್ನಿಂದ ಬಿಡಿಸಿದ್ದು ಹರಿಹರದ ಒಂದು ಕಾರ್ಮಿಕರ ಕಾಲೊನಿ. ನಿವೃತ್ತಳಾಗಿ ಇಷ್ಟು ವರ್ಷವಾದ ಮೇಲೂ ಆ ಎರಡು ತಿಂಗಳ ಕೆಲಸ ನೆನೆದರೆ ನನಗೆ ನಗು ಬರುತ್ತದೆ, ಸಮಾಧಾನವೂ ಆಗುತ್ತದೆ.

ವಿಷಯ ಇಷ್ಟು. ಗುತ್ತೂರಿನ ಹತ್ತಿರದ ಒಂದು ಕಾರ್ಖಾನೆಯಲ್ಲಿ ಮೂರು ವರ್ಷ ಹಿಂದೆ ದೊಡ್ಡ ಮುಷ್ಕರ ನಡೆದಿತ್ತು. ಕಾರ್ಖಾನೆಯ ಹೆಸರು ಇಲ್ಲಿ ಬೇಕಿಲ್ಲ. ಐದು ತಿಂಗಳು ಗೇಟಿನ ಮುಂದೆ ಪೆಂಡಾಲು ಹಾಕಿ ಕೂತವರು ಕೂತರು. ಕೊನೆಯ ಎರಡು ತಿಂಗಳು ಮನೆ ನಡೆಯದೆ ಕೆಲವರು ಗೇಟು ದಾಟಿ ಕೆಲಸಕ್ಕೆ ಹೋದರು. ಅಂದಿನಿಂದ ಕಾಲೊನಿಯಲ್ಲಿ ಎರಡು ಹೆಸರು ಹುಟ್ಟಿಕೊಂಡವು: ಒಳಗಿನವರು, ಹೊರಗಿನವರು. ಒಂದು ಸಂಜೆ ಒಳಗಿನವರ ನಾಲ್ಕು ಮನೆಗಳ ಮೇಲೆ ಕಲ್ಲು ಬಿದ್ದವು. ಆ ನಾಲ್ಕು ಸಂಸಾರಗಳು ಮಾರನೆಯ ದಿನವೇ ಬೀಗ ಹಾಕಿ ದಾವಣಗೆರೆಗೆ ಹೋದವು. ಮುಷ್ಕರ ಮುಗಿಯಿತು, ಒಪ್ಪಂದವಾಯಿತು, ಎಲ್ಲರೂ ಅದೇ ಶಿಫ್ಟಿನಲ್ಲಿ ಅದೇ ಮೆಷಿನ್ನುಗಳ ಮುಂದೆ ನಿಂತರು. ಆದರೆ ಆ ನಾಲ್ಕು ಕ್ವಾರ್ಟರ್ಸುಗಳ ಬೀಗ ಮಾತ್ರ ತೆಗೆಯಲಿಲ್ಲ.

ಈಗ ಕಾರ್ಖಾನೆಯ ಆಡಳಿತದವರು ಗಡುವು ಕೊಟ್ಟಿದ್ದರು. ಆಗಸ್ಟ್ ಕೊನೆಯೊಳಗೆ ಈ ನಾಲ್ವರು ವಾಪಸ್ ಬರಬೇಕು, ಇಲ್ಲವೇ ಮನೆ ಬಿಟ್ಟುಕೊಟ್ಟು ಬೇರೆ ರಾಜ್ಯದ ಘಟಕಕ್ಕೆ ವರ್ಗವಾಗಬೇಕು. ವಾಪಸ್ ಕರೆಸಿ ಮತ್ತೆ ಗಲಾಟೆಯಾದರೆ ಯಾರು ಹೊಣೆ? ಕಾರ್ಮಿಕ ಇಲಾಖೆಯ ಅಧಿಕಾರಿಯೊಬ್ಬರು ನನ್ನನ್ನು ಕರೆದು, 'ಕಾಲೊನಿಯಲ್ಲಿ ನಿಜಕ್ಕೂ ಶಾಂತಿ ಇದೆಯೋ ಇಲ್ಲವೋ, ಅಧ್ಯಯನ ಮಾಡಿ ಹೇಳಿ. ನೀವು ಇದೆ ಅಂದರೆ ಕರೆಸುತ್ತೇವೆ, ಇಲ್ಲ ಅಂದರೆ ವರ್ಗ' ಎಂದರು. ನಾನು ಖುಷಿಯಿಂದ ಒಪ್ಪಿಕೊಂಡೆ. ಹಿಂದಿನ ವರ್ಷವಷ್ಟೇ ಒಂದು ರಿಫ್ರೆಶರ್ ಕೋರ್ಸಿನಲ್ಲಿ, ಯುದ್ಧ ಮುಗಿದ ದೇಶಗಳಲ್ಲಿ ಬಂದೂಕು ಕೆಳಗಿಟ್ಟು ಊರಿಗೆ ಮರಳಿದವರನ್ನು ಊರು ಮತ್ತೆ ತನ್ನೊಳಗೆ ಸೇರಿಸಿಕೊಂಡಿತೋ ಇಲ್ಲವೋ ಎಂದು ಅಳೆಯುವ ವಿಧಾನಗಳ ಬಗ್ಗೆ ಕೇಳಿಬಂದಿದ್ದೆ. ಇದಕ್ಕೆ ನಾವು ಮರುಸೇರ್ಪಡೆ ಎನ್ನುತ್ತೇವೆ. ಅದನ್ನು ನೇರವಾಗಿ ನೋಡಲು ಆಗುವುದಿಲ್ಲ. ಹಾಗಾಗಿ ಅದರ ಗುರುತು ಹಿಡಿಯುವ ಸಣ್ಣ ಸಣ್ಣ ಸಂಗತಿಗಳನ್ನು ಹುಡುಕಬೇಕು. ಅವೇ ಇಂಡಿಕೇಟರ್‌ಗಳು. ನನ್ನ ಬ್ಯಾಗಿನಲ್ಲಿ ಅಲ್ಲಿಂದ ತಂದ ಮೂವತ್ತೆರಡು ಪ್ರಶ್ನೆಗಳ ಸೈಕ್ಲೊಸ್ಟೈಲ್ ಹಾಳೆ ಇತ್ತು. ಕನ್ನಡಕ್ಕೆ ಇಳಿಸಿದರೆ ಮುಗಿಯಿತು ಅಂದುಕೊಂಡೆ.

ಕೆಲಸಕ್ಕೆ ಇಳಿಯುವ ಮುಂಚೆ ಊರು ಬಿಟ್ಟ ಸಂಸಾರಗಳನ್ನು ನೋಡಲು ಹೋದೆ. ಮೊದಲು ಸಿಕ್ಕವರು ಗಿರಿಜಮ್ಮ. ಅವರ ಗಂಡ ಹನುಮಂತಪ್ಪ ಆ ಕಾರ್ಖಾನೆಯಲ್ಲಿ ಫಿಟ್ಟರ್. ದಾವಣಗೆರೆಯ ಮಂಡಕ್ಕಿ ಭಟ್ಟಿಗಳ ಹಿಂದಿನ ಓಣಿಯಲ್ಲಿ ಒಂದು ಕೋಣೆ, ಒಂದು ಅಡುಗೆಮನೆ. ಒಣಗಹಾಕಿದ ಬಟ್ಟೆಯ ಮೇಲೆ ಮಸಿ ಕೂರದ ದಿನವಿಲ್ಲ. ಹನುಮಂತಪ್ಪನಿಗೆ ವರ್ಗವಾದರೂ ಅಡ್ಡಿಯಿರಲಿಲ್ಲ. ಗಿರಿಜಮ್ಮನಿಗೆ ಮಾತ್ರ ಹೋಗಬೇಕಿದ್ದದ್ದು ಹರಿಹರಕ್ಕೆ.

'ಹದಿನಾಲ್ಕು ವರ್ಷ ಇದ್ದೆ ಆ ಲೈನ್‌ನಾಗೆ. ನನ್ನ ಎರಡೂ ಬಾಣಂತನ ಅಲ್ಲೇ ಆಗಿದ್ದು' ಎಂದರು. ಆಮೇಲೆ ನನ್ನ ಹಾಳೆಗಳ ಕಡೆ ನೋಡಿ ಒಂದು ಮಾತು ಹೇಳಿದರು. 'ನೀವು ಏನ್ ಬೇಕಾದ್ರೂ ಬರ‍್ಕೊಳ್ರಿ ಮೇಡಂ. ನಂಗೆ ಒಂದೇ ಗೊತ್ತಾಗ್ಬೇಕಾಗಿರೋದು. ನಾನು ವಾಪಸ್ ಹೋದ್ರೆ ನನ್ ಕೂಡ ಯಾರಾದ್ರೂ ಮಾತಾಡ್ತಾರಾ? ಕಲ್ಲು ಬಿದ್ರೆ ಪೊಲೀಸ್ರು ಬರ‍್ತಾರೆ. ಯಾರೂ ಮಾತಾಡ್ದೆ ಇದ್ರೆ ಯಾರು ಬರ‍್ತಾರ‍್ರಿ?'

ನನ್ನ ಮೂವತ್ತೆರಡು ಪ್ರಶ್ನೆಗಳಲ್ಲಿ ಈ ಪ್ರಶ್ನೆ ಇರಲಿಲ್ಲ. ಆಗ ಅದು ನನಗೆ ದೊಡ್ಡ ಕೊರತೆ ಅನ್ನಿಸಲಿಲ್ಲ ಎನ್ನುವುದನ್ನೂ ಹೇಳಿಬಿಡುತ್ತೇನೆ.

ನನ್ನ ಸಹಾಯಕ್ಕೆ ಸಿಕ್ಕವರು ನಾಗರಾಜಪ್ಪ. ಮೂರು ಜನಗಣತಿಗಳಲ್ಲಿ ಮನೆ ಮನೆ ತಿರುಗಿದ ನಿವೃತ್ತ ಪ್ರಾಥಮಿಕ ಶಾಲೆಯ ಮಾಸ್ತರರು. ಬಿಳಿ ಅಂಗಿ, ಕರಿ ಛತ್ರಿ, ಜೇಬಿನಲ್ಲಿ ಎರಡು ಪೆನ್ನು. ಅವರ ಜೀವನದ ತತ್ವ ಒಂದೇ: 'ಕಾಲಂ ಖಾಲಿ ಬಿಡಬಾರದ್ರಿ ಮೇಡಂ.' ಜನ ಉತ್ತರ ಕೊಡದಿದ್ದರೆ ಅವರು ಅಲ್ಲಿಂದ ಏಳುತ್ತಿರಲಿಲ್ಲ. ಅರ್ಧ ಗಂಟೆ ಮಳೆ ಬೆಳೆ ಮಾತಾಡಿ, ಮತ್ತೆ ಅದೇ ಪ್ರಶ್ನೆಗೆ ಬರುತ್ತಿದ್ದರು.

ದಿನಾ ಬೆಳಿಗ್ಗೆ ಕಾಲೇಜಿನ ಎರಡು ಪೀರಿಯಡ್ ಮುಗಿಸಿ, ಹರಿಹರದ ಬಸ್ಸು ಹತ್ತಿ, ಅಲ್ಲಿಂದ ಆಟೊದಲ್ಲಿ ಕಾಲೊನಿ ಸೇರುತ್ತಿದ್ದೆವು. ಉದ್ದಕ್ಕೆ ನಾಲ್ಕು ಲೈನ್ ಮನೆಗಳು, ಒಟ್ಟು ಅರವತ್ತಾರು. ಬೀಗ ಬಿದ್ದ ನಾಲ್ಕನ್ನು ಬಿಟ್ಟರೆ ಅರವತ್ತೆರಡು. ಮೊದಲ ದಿನ ಎರಡನೆಯ ಲೈನಿನ ತುದಿಯ ಮನೆಯ ಬಸವರಾಜಪ್ಪ ನಮ್ಮನ್ನು ಎದುರುಗೊಂಡರು. ಮುಷ್ಕರದ ಕಾಲದಲ್ಲಿ ಸಮಿತಿಯ ಕಾರ್ಯದರ್ಶಿಯಾಗಿದ್ದವರು, ಒಳ್ಳೆಯ ಮನುಷ್ಯ, ದೊಡ್ಡ ದನಿ.

'ಬರ್ರಿ ಮೇಡಂ, ಕೂಡ್ರಿ. ಈ ಬಿಸಿಲಾಗೆ ಎಲ್ಲಿ ಮನೆಮನೆ ತಿರುಗ್ತೀರಿ? ನಾನೇ ಒಬ್ಬೊಬ್ರನ್ನ ಇಲ್ಲಿಗೆ ಕರೀತೀನಿ' ಎಂದರು.

ಕೂತೆವು. ಅವರ ಮನೆಯ ಕಟ್ಟೆ ತಂಪಾಗಿತ್ತು. ಜನ ಒಬ್ಬೊಬ್ಬರಾಗಿ ಬಂದರು, ಉತ್ತರಿಸಿದರು, ಹೋದರು. ಮಧ್ಯಾಹ್ನ ಅವರ ಮನೆಯಲ್ಲೇ ರೊಟ್ಟಿ, ಬದನೆಕಾಯಿ ಪಲ್ಯ, ಶೇಂಗಾ ಚಟ್ನಿ. ನಾನು ಎರಡು ರೊಟ್ಟಿ ಜಾಸ್ತಿಯೇ ತಿಂದೆ. ಮನೆಯಾಕೆ ಹೊರಡುವಾಗ ಒಂದು ಸ್ಟೀಲ್ ಡಬ್ಬಿಯಲ್ಲಿ ಚಟ್ನಿಪುಡಿಯನ್ನೂ ಕೊಟ್ಟರು. ಉಂಡ ಮನೆಯ ಜಂತೆ ಎಣಿಸಬಾರದು ಅನ್ನುತ್ತಾರೆ. ಆದರೆ ಸಂಶೋಧಕರ ಕೆಲಸವೇ ಜಂತೆ ಎಣಿಸುವುದು. ಹಾಗಿದ್ದ ಮೇಲೆ ಉಣ್ಣದೇ ಇರುವುದು ಮೇಲು. ಈ ಬುದ್ಧಿ ನನಗೆ ಎರಡು ವಾರ ತಡವಾಗಿ ಬಂತು. ಮೊದಲ ದಿನ ಯಾರ ಮನೆಯಲ್ಲಿ ಉಂಡೆವೋ ಕಾಲೊನಿಯ ಪಾಲಿಗೆ ನಾವು ಅವರ ಕಡೆಯವರಾಗಿದ್ದೆವು.

ಹನ್ನೆರಡು ದಿನದಲ್ಲಿ ಅರವತ್ತೆರಡು ಫಾರಂ ತುಂಬಿದವು. ಒಂದು ಕಾಲಮ್ಮೂ ಖಾಲಿಯಿರಲಿಲ್ಲ. ನೆರೆಹೊರೆಯ ಸಂಬಂಧ ಹೇಗಿದೆ ಎಂಬುದಕ್ಕೆ ಒಂದರಿಂದ ಐದರವರೆಗೆ ಅಂಕ ಕೊಡಬೇಕಿತ್ತು. ಒಳಗಿನವರು, ಹೊರಗಿನವರು, ಹೆಚ್ಚುಕಡಿಮೆ ಎಲ್ಲರೂ ಐದು ಕೊಟ್ಟಿದ್ದರು. 'ಎಲ್ಲಾ ಚೆನ್ನಾಗೈತ್ರಿ' ಎಂಬ ಒಂದೇ ಮಾತು ಫಾರಮ್ಮಿನಿಂದ ಫಾರಮ್ಮಿಗೆ ನಡೆದುಬಂದಿತ್ತು. ಹದಿನಾಲ್ಕನೆಯ ಪ್ರಶ್ನೆ 'ಹಿಂದಿರುಗಿದವರೊಂದಿಗೆ ನೀರಿನ ಮೂಲ ಹಂಚಿಕೊಳ್ಳಲು ಸಿದ್ಧರಿದ್ದೀರಾ?' ಎಂದಿತ್ತು. ಯಾವುದೋ ದೂರದ ದೇಶದ ಬಾವಿಗಳಿಗಾಗಿ ಬರೆದದ್ದು. ಅದಕ್ಕೆ ಒಬ್ಬ ಹಿರಿಯರು ನಾಗರಾಜಪ್ಪನವರನ್ನು ಕರುಣೆಯಿಂದ ನೋಡಿ, 'ಲೈನಿಗೆ ಇರಾದೇ ಒಂದು ನಲ್ಲಿ. ಹಂಚ್ಕಳ್ದೆ ಏನ್ ಮಾಡಾದ್ರಿ?' ಎಂದಿದ್ದರು. ಅದನ್ನೂ ನಾವು 'ಹೌದು' ಎಂದೇ ಗುರುತು ಹಾಕಿದ್ದೆವು.

ಲೆಕ್ಕದ ಪ್ರಕಾರ ಆ ಕಾಲೊನಿಯಷ್ಟು ಶಾಂತವಾದ ಜಾಗ ಭೂಮಿಯ ಮೇಲೆ ಇನ್ನೊಂದಿರಲಿಲ್ಲ. ನನಗೆ ಅನುಮಾನ ಬಂದದ್ದೇ ಅಲ್ಲಿ. ಮುಷ್ಕರ ನಡೆಯದ ನಮ್ಮ ಬೀದಿಯಲ್ಲೇ ಕಸದ ವಿಷಯಕ್ಕೆ ಇಬ್ಬರು ಮಾತು ಬಿಟ್ಟಿದ್ದರು. ಕಲ್ಲು ಬಿದ್ದ ಜಾಗದಲ್ಲಿ ಎಲ್ಲರೂ ಐದಕ್ಕೆ ಐದು ಕೊಡುವುದೆಂದರೇನು? ಕೇಳುವವರಿಗೆ ಹಿತವಾಗುವ ಉತ್ತರವನ್ನೇ ಜನ ಕೊಡುತ್ತಾರೆ ಎಂದು ನಾನೇ ವರ್ಷಾ ವರ್ಷಾ ಪಾಠ ಮಾಡುತ್ತಿದ್ದೆ. ಅದೂ ಸಮಿತಿಯ ಹಳೆಯ ಕಾರ್ಯದರ್ಶಿಯ ಕಟ್ಟೆಯ ಮೇಲೆ ಕೂತು, ಅವರ ಕಿವಿಗೆ ಬೀಳುವಂತೆ ಕೇಳಿದ್ದೆ. ನಮ್ಮ ಕಾಲೇಜಿನ ಹುಡುಗಿಯೊಬ್ಬಳು ಇಂಥ ಸರ್ವೆ ಮಾಡಿಕೊಂಡು ಬಂದಿದ್ದರೆ ಫಾರಮ್ಮುಗಳನ್ನು ಅವಳ ಮುಖಕ್ಕೇ ಹಿಡಿಯುತ್ತಿದ್ದೆ.

ನನ್ನ ಅದೃಷ್ಟಕ್ಕೆ ಆ ಚಟ್ನಿಪುಡಿಯ ಡಬ್ಬಿ ವಾಪಸ್ ಕೊಡಬೇಕಿತ್ತು. ಜುಲೈ ಮೊದಲ ವಾರ, ಒಂದು ಮಧ್ಯಾಹ್ನ ಫಾರಮ್ಮುಗಳಿಲ್ಲದೆ, ನಾಗರಾಜಪ್ಪನವರಿಲ್ಲದೆ, ಡಬ್ಬಿಯಲ್ಲಿ ನಾಲ್ಕು ಬಾಳೆಹಣ್ಣು ಇಟ್ಟುಕೊಂಡು ಒಬ್ಬಳೇ ಹೋದೆ. ಗಂಟೆ ನಾಲ್ಕೂವರೆ. ಮೋಡ ಸರಿದು ಬಿಸಿಲು ಚುರುಗುಟ್ಟುತ್ತಿತ್ತು; ನಾನು ಛತ್ರಿ ಬಿಚ್ಚಿಯೇ ನಡೆಯುತ್ತಿದ್ದೆ. ಎರಡನೆಯ ಲೈನಿನಲ್ಲಿ ಒಬ್ಬ ಹೆಣ್ಣುಮಗಳು ಕೈಯಲ್ಲಿ ಸಣ್ಣ ಬಟ್ಟಲು ಹಿಡಿದು ನೀಲಮ್ಮನವರ ಬಾಗಿಲಲ್ಲಿ ನಿಂತಿದ್ದಳು. ನೀಲಮ್ಮ ಹೊರಗಿನವರ ಪೈಕಿ. ಅವರ ಗಂಡ ಮುಷ್ಕರದ ಮೊದಲ ದಿನದಿಂದ ಕೊನೆಯ ದಿನದವರೆಗೆ ಪೆಂಡಾಲಿನಲ್ಲಿ ಕೂತವರು. ಬೀಗ ಬಿದ್ದ ಗಿರಿಜಮ್ಮನ ಮನೆ ಅವರ ಪಕ್ಕದ ಮನೆಯೇ. ಬಟ್ಟಲು ಹಿಡಿದವಳು ಒಳಗಿನವರಲ್ಲಿ ಒಬ್ಬರ ಹೆಂಡತಿ, ಕಾಲೊನಿಗೆ ಹೊಸಬಳು. ಮದುವೆಯಾಗಿ ಬಂದು ತಿಂಗಳಾಗಿರಲಿಲ್ಲ.

'ಹೊತ್ತು ಮುಳುಗ್ತಲ್ಲಮ್ಮಾ' ಎಂದರು ನೀಲಮ್ಮ ಮೆಲ್ಲಗೆ.

ಆ ಹುಡುಗಿ ತಲೆ ಎತ್ತಿ ಸೂರ್ಯನನ್ನು ನೋಡಿದಳು. ನಾನೂ ನೋಡಿದೆ. ಅವಳು ಬಟ್ಟಲು ಹಿಡಿದು ನಾಲ್ಕನೆಯ ಲೈನಿನ ಕಡೆ ಹೋದಳು.

ನಮ್ಮ ಕಡೆಯ ಓದುಗರಿಗೆ ಇದನ್ನು ವಿವರಿಸಬೇಕಿಲ್ಲ. ಮನೆಯಲ್ಲಿ ಹೆಪ್ಪು ತೀರಿದರೆ ಪಕ್ಕದ ಮನೆಯಿಂದ ಒಂದು ಚಮಚ ಮೊಸರು ತಂದು ಸಂಜೆಯ ಹಾಲಿಗೆ ಹಾಕುತ್ತೇವೆ. ಆದರೆ ದೀಪ ಹಚ್ಚುವ ಹೊತ್ತಾದ ಮೇಲೆ ಹಾಲು, ಮೊಸರು, ಉಪ್ಪು ಯಾರಿಗೂ ಕೊಡುವುದಿಲ್ಲ. ಕೊಟ್ಟರೆ ಮನೆಯ ಲಕ್ಷ್ಮಿ ಹೋಗುತ್ತಾಳೆ ಎಂಬ ನಂಬಿಕೆ. ಹಾಗೆ ಇಲ್ಲ ಅಂದರೆ ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ. ಅದು ಜಗಳವಿಲ್ಲದ 'ಇಲ್ಲ'. ಆದರೆ ನಾಲ್ಕೂವರೆಗೆ?

ಡಬ್ಬಿ ಕೊಡುವಾಗ ಬಸವರಾಜಪ್ಪನವರ ಹೆಂಡತಿಯನ್ನು ಕೇಳಿದೆ. ಆಕೆ ನಕ್ಕರು. 'ಇಲ್ಲಿ ಮೂರು ವರ್ಷದಿಂದ ಹೊತ್ತು ಬೇಗ ಮುಳುಗ್ತೈತ್ರಿ ಮೇಡಂ. ನಮ್ಮೋರಿಗೆ ಏಳು ಗಂಟೆಗೆ, ಒಳಗಿನೋರಿಗೆ ಮಧ್ಯಾಹ್ನಕ್ಕೆ. ಅವರ ಮನೆಗಳಾಗೂ ನಮಗೆ ಹಂಗೆ' ಎಂದರು.

ಬಸ್ಸಿನಲ್ಲಿ ವಾಪಸ್ ಬರುವಾಗ ನನಗೆ ಕೂತಲ್ಲಿ ಕೂರಲಾಗಲಿಲ್ಲ. ಮೂವತ್ತೆರಡು ಪ್ರಶ್ನೆಗಳಿಗೆ ಸಿಗದ ಇಂಡಿಕೇಟರ್ ಒಂದು ಬಟ್ಟಲಿನಲ್ಲಿ ನನ್ನ ಮುಂದೆಯೇ ನಡೆದುಹೋಗಿತ್ತು.

ಹಳೆಯ ಫಾರಮ್ಮುಗಳನ್ನು ಕಟ್ಟಿ ಬೀರುವಿನಲ್ಲಿಟ್ಟೆ. ನಾಗರಾಜಪ್ಪನವರಿಗೆ ಎದೆ ಒಡೆದಂತಾಯಿತು. ಹೊಸ ಸರ್ವೆಯ ನಿಯಮಗಳನ್ನು ಹೇಳಿದೆ: ಹೆಂಗಸರನ್ನೇ ಕೇಳುವುದು, ಅವರವರ ಹೊಸ್ತಿಲಲ್ಲೇ ಕೇಳುವುದು, ಯಾರ ಮನೆಯಲ್ಲೂ ಚಹಾ ಸಹ ಕುಡಿಯದಿರುವುದು. ಪ್ರಶ್ನೆ ಎರಡೇ. ಸ್ಟ್ರೈಕಿಗೆ ಮುಂಚೆ ಹೆಪ್ಪು ಯಾರ ಮನೆಯಿಂದ ತರುತ್ತಿದ್ದಿರಿ? ಈಗ ಯಾರ ಮನೆಯಿಂದ?

'ಹೆಪ್ಪಿಗೆ ಕೋಡ್ ನಂಬರ್ ಏನಂತ ಕೊಡ್ಲಿ ಮೇಡಂ?' ಎಂದರು ಅವರು. ದನಿಯಲ್ಲಿ ನೋವಿತ್ತು. ಆದರೆ ಚಹಾ ಬೇಡ ಎಂದದ್ದೇ ಅವರಿಗೆ ಹೆಚ್ಚು ಕಷ್ಟವಾಯಿತು ಎಂದು ನನ್ನ ಅಂದಾಜು.

ಶಾಂತಿಯ ಬಗ್ಗೆ ಕೇಳಿದಾಗ ಒಂದೇ ಮಾತು ಹೇಳಿದ್ದ ಹೆಂಗಸರು ಹೆಪ್ಪಿನ ಬಗ್ಗೆ ಕೇಳಿದರೆ ಬಾಗಿಲಿಗೆ ಒರಗಿ ನಿಂತು ಮಾತಾಡಿದರು. ಯಾರ ಮನೆಯ ಮೊಸರು ಹುಳಿ, ಯಾರದು ನೀರು, ಯಾರ ಮಕ್ಕಳು ಹೆಪ್ಪಿಗೂ ಬಿಡದೆ ತಿನ್ನುತ್ತವೆ, ಎಲ್ಲ ಬಂತು. ಎಂಟು ದಿನ ಸಾಕಾಯಿತು. ಒಂದು ದೊಡ್ಡ ಗ್ರಾಫ್ ಹಾಳೆಯ ಮೇಲೆ ಬೀಗ ಬಿದ್ದವೂ ಸೇರಿ ಅಷ್ಟೂ ಮನೆಗಳನ್ನು ಚೌಕಗಳಾಗಿ ಬರೆದೆ. ಮುಷ್ಕರಕ್ಕೆ ಮುಂಚಿನ ಹೆಪ್ಪಿನ ದಾರಿಗಳಿಗೆ ನೀಲಿ ಗೆರೆ, ಈಗಿನವಕ್ಕೆ ಕೆಂಪು. ಯಾರು ಯಾರ ಜೊತೆ ಬಳಕೆಯಲ್ಲಿದ್ದಾರೆ ಎಂದು ಹೀಗೆ ಚಿತ್ರ ಬರೆದು ನೋಡುವುದಕ್ಕೆ ನಮ್ಮಲ್ಲಿ ಸೋಶಿಯೊಗ್ರಾಂ ಎನ್ನುತ್ತಾರೆ. ನೀಲಿ ಗೆರೆಗಳು ಬೆಕ್ಕು ಆಡಿದ ದಾರದ ಉಂಡೆಯಂತಿದ್ದವು. ಕೆಂಪು ಗೆರೆಗಳು ಎರಡು ಬೇರೆ ಬೇರೆ ಗುಂಪುಗಳಾಗಿ ನಿಂತಿದ್ದವು, ನಡುವೆ ದಾಟಿದ ಗೆರೆಗಳು ಮೂರೇ ಮೂರು. ಎಲ್ಲಾ ಚೆನ್ನಾಗೈತ್ರಿ ಎಂಬ ಮಾತಿನ ಬೆಲೆ ಎಷ್ಟೆಂದು ಗೊತ್ತಾಯಿತು.

ವರದಿ ಬರೆಯಲು ಕೂತೆ. ಶಾಂತಿ ಇಲ್ಲ, ಮೇಲುಮಾತಿನ ಸೌಜನ್ಯ ಇದೆ, ವಾಪಸಾತಿ ಸೂಕ್ತವಲ್ಲ. ಹೀಗೆ ಮೊದಲ ಸಾಲು ಬರೆದದ್ದೂ ಆಯಿತು. ಆ ಸಾಲು ಕಳಿಸಿದ್ದರೆ ಗಿರಿಜಮ್ಮ ಮಕ್ಕಳನ್ನು ಕಟ್ಟಿಕೊಂಡು ಭಾಷೆ ಬಾರದ ಊರಿಗೆ ಹೋಗಬೇಕಾಗುತ್ತಿತ್ತು.

ತಡೆದದ್ದು ನಾಗರಾಜಪ್ಪ. ಅವರು ಕನ್ನಡಕ ಹಾಕಿಕೊಂಡು ಗ್ರಾಫ್ ಹಾಳೆಯ ಮೇಲೆ ಬಗ್ಗಿ ನೋಡುತ್ತ, 'ಮೇಡಂ, ಇಲ್ಲೊಂದು ಕಾಲಂ ಖಾಲಿ ಐತಲ್ರಿ' ಎಂದರು.

ನೀಲಮ್ಮನ ಮನೆ. ನೀಲಿ ಗೆರೆಗಳು ಅತಿ ಹೆಚ್ಚು ಹೊರಟಿದ್ದದ್ದು ಆ ಮನೆಯಿಂದಲೇ. ಗುತ್ತೂರಿನಿಂದ ಎಮ್ಮೆ ಹಾಲು ತರಿಸುತ್ತಿದ್ದರಂತೆ, ಅವರ ಹೆಪ್ಪು ಹಾಕಿದರೆ ಮೊಸರು ಚಾಕುವಿನಲ್ಲಿ ಕೊಯ್ಯಬೇಕು ಎಂದು ಹತ್ತು ಮನೆಯವರು ಹೇಳಿದ್ದರು. ಈಗ ಆ ಮನೆಯಿಂದ ಒಂದೇ ಒಂದು ಕೆಂಪು ಗೆರೆಯಿಲ್ಲ. ಒಳಗಿನವರಿಗೆ ಇಲ್ಲ, ಸರಿ. ಹೊರಗಿನವರಿಗೂ ಇಲ್ಲ. ಸಿಟ್ಟಿದ್ದರೆ ಆ ಕಡೆಯವರಿಗೆ ಕೊಡುತ್ತಿರಲಿಲ್ಲ. ತನ್ನ ಕಡೆಯವರಿಗೇ ಏಕೆ ಇಲ್ಲ? ನಾನು ಎಷ್ಟು, ಎಲ್ಲಿ ಎಂದು ಕೇಳಿದ್ದೆನೇ ಹೊರತು ಯಾಕೆ ಎಂದು ಯಾರನ್ನೂ ಕೇಳಿರಲಿಲ್ಲ.

ಮಾರನೆಯ ದಿನ ಬೆಳಿಗ್ಗೆ ನೀಲಮ್ಮನ ಮನೆಗೆ ಹೋದೆ. ಆಕೆ ಅಕ್ಕಿ ಆರಿಸುತ್ತಿದ್ದರು. ಐವತ್ತರ ಹತ್ತಿರದ ವಯಸ್ಸು, ಕಡಿಮೆ ಮಾತು. ನಾನು ಪೆನ್ನು ತೆಗೆಯಲಿಲ್ಲ. ಮೊರದ ಇನ್ನೊಂದು ಬದಿಗೆ ಕೂತು ನಾನೂ ಕಲ್ಲು ಆರಿಸತೊಡಗಿದೆ. ಸ್ವಲ್ಪ ಹೊತ್ತಿನ ಮೇಲೆ, 'ಯಾಕ್ರಿ ನೀಲಮ್ಮ, ಯಾರಿಗೂ ಹೆಪ್ಪು ಕೊಡಲ್ವಂತೆ?' ಎಂದೆ.

ಆಕೆ ಮೊರ ಕೆಳಗಿಟ್ಟರು.

'ಕಲ್ಲು ಬಿದ್ದಾಗ ಗಿರಿಜಾ ನಮ್ಮ ಬಾಗಿಲು ಬಡಿದ್ಲು. ಎರಡೂ ಹುಡುಗ್ರನ್ನ ಕಂಕುಳಾಗೆ ಇಟ್ಕಂಡು, ಅಕ್ಕಾ ಬಾಗ್ಲ ತೆಗಿ, ಅಕ್ಕಾ ಬಾಗ್ಲ ತೆಗಿ ಅಂದ್ಲು. ನಾನು ಈ ಕಡೆ ಅಗಳಿ ಹಿಡ್ಕಂಡು ನಿಂತಿದ್ದೆ. ನಮ್ಮನೆಯೋರು ಪೆಂಡಾಲಾಗೆ ಇದ್ರು. ತೆಗೆದ್ರೆ ನಾಳೆ ಅವರಿಗೇನಂತಾರೋ ಅನ್ನಿಸ್ತು. ತೆಗೀಲಿಲ್ರಿ.' ತಮ್ಮ ಅಂಗೈ ಮುಂದೆ ಚಾಚಿದರು. 'ಆ ಹುಡುಗ್ರ ಬಾಣಂತನ ಮಾಡಿದ್ದು ಇದೇ ಕೈ. ಅಷ್ಟಾದ್ಮೇಲೆ ಯಾವ ಮುಖ ಇಟ್ಕಂಡು ಯಾರಿಗೆ ಹೆಪ್ಪು ಕೊಡ್ಲಿ?'

ಮೂರು ವರ್ಷದಿಂದ ಇಡೀ ಲೈನು ಸಿಟ್ಟು ಎಂದು ಓದಿಕೊಂಡದ್ದು ನಾಚಿಕೆಯಾಗಿತ್ತು. ನಾನೂ ಹಾಗೇ ಓದಿದ್ದೆ, ಗ್ರಾಫ್ ಹಾಳೆಯ ಸಮೇತ.

'ಇದನ್ನ ಗಿರಿಜಮ್ಮನಿಗೆ ಹೇಳ್ಲಾ?' ಎಂದು ಕೇಳಿದೆ.

'ಬ್ಯಾಡ್ರಿ' ಎಂದರು ತಕ್ಷಣ. 'ಹೇಳಾದಾದ್ರೆ ನಾನೇ ಹೇಳ್ಬೇಕು.'

ಒಬ್ಬರು ನಂಬಿ ಹೇಳಿದ್ದನ್ನು ಇನ್ನೊಬ್ಬರಿಗೆ ಒಯ್ಯಬಾರದು. ಇದು ನಮ್ಮ ವೃತ್ತಿಯ ನಿಯಮ. ಪಾಠ ಮಾಡುವಾಗ ಸುಲಭವಾಗಿದ್ದ ಈ ನಿಯಮ ಆ ದಿನ ನನಗೆ ಬಲು ಭಾರವಾಯಿತು. ಒಂದು ವಾಕ್ಯ ಬಾಯಿಬಿಟ್ಟರೆ ಗಿರಿಜಮ್ಮ ಅವತ್ತೇ ಗಂಟುಮೂಟೆ ಕಟ್ಟುತ್ತಿದ್ದರು. ಅಥವಾ, ಆ ಬಾಗಿಲ ಹಿಂದೆ ನೀಲಕ್ಕ ನಿಂತಿದ್ದಳು ಎಂದು ಗೊತ್ತಾಗಿ ಎಂದೂ ಬರುತ್ತಿರಲಿಲ್ಲ. ಎರಡರಲ್ಲಿ ಯಾವುದೆಂದು ತೀರ್ಮಾನಿಸಲು ನಾನು ಯಾರು?

ವರದಿಯ ಮೊದಲ ಸಾಲು ಹೊಡೆದುಹಾಕಿ ಹೊಸದಾಗಿ ಬರೆದೆ. ಕಾಲೊನಿಯಲ್ಲಿ ಶಾಂತಿ ಪೂರ್ತಿಯಾಗಿಲ್ಲ. ಆದರೆ ಎಲ್ಲ ಮೌನವೂ ಹಗೆಯಲ್ಲ. ಕೆಲವು ಮೌನಗಳು ಮಾತಿಗೆ ದಾರಿ ಕಾಯುತ್ತಿವೆ. ನಾಲ್ಕೂ ಸಂಸಾರಗಳನ್ನು ಕರೆಸಬಹುದು, ಆದರೆ ಒಂದೊಂದಾಗಿ. ಸಭೆ, ಹಾರ, ಭಾಷಣ ಬೇಡವೇ ಬೇಡ. ಬಂದವರಿಗೆ ಹಿಡಿಸದಿದ್ದರೆ ವರ್ಗದ ಅವಕಾಶ ಇನ್ನೂ ಮೂರು ತಿಂಗಳು ತೆರೆದಿರಲಿ.

ಅಧಿಕಾರಿಗಳು ಓದಿ ಕನ್ನಡಕ ತೆಗೆದರು. ಅವರು ಆಗಲೇ ಸೌಹಾರ್ದ ಸಭೆಗೆ ಶಾಮಿಯಾನ ಹೇಳಿಟ್ಟಿದ್ದರು. 'ಮೇಡಂ, ಇದೆ ಅಥವಾ ಇಲ್ಲ ಅನ್ನಿ. ನಡುವೆ ಬರೆದರೆ ನಾನೇನು ಮಾಡಲಿ?' ಎಂದರು.

'ಕಾಯಿರಿ' ಎಂದೆ. ನನ್ನ ದನಿ ಸ್ವಲ್ಪ ಜೋರಾಯಿತೇನೋ. ಅವರು ಒಳ್ಳೆಯವರು, ನಕ್ಕು ಸಹಿ ಹಾಕಿದರು. ಶಾಮಿಯಾನ ಬೇರೆ ಯಾವುದೋ ಉದ್ಘಾಟನೆಗೆ ಹೋಯಿತು.

ಗಿರಿಜಮ್ಮನ ಮನೆಗೆ ನಾನೇ ಹೋಗಿ ಹೇಳಿದೆ. 'ನನ್ನ ಜೊತೆ ಮಾತಾಡ್ತಾರಾ ಅಂತ ಕೇಳಿದ್ರಿ. ಮಾತಾಡ್ತಾರೆ ಅಂತ ಬರೆದುಕೊಡೋಕೆ ನನ್ನಿಂದ ಆಗಲ್ಲ. ಬಾಗಿಲು ಪೂರ್ತಿ ಮುಚ್ಚಿಲ್ಲ ಅಂತ ಮಾತ್ರ ಹೇಳಬಲ್ಲೆ.' ಬಾಗಿಲು ಎಂದಾಗ ಆಕೆ ನನ್ನ ಮುಖವನ್ನೇ ನೋಡಿದರು. ಒಂದು ವಾರದ ಮೇಲೆ ಹೇಳಿಕಳಿಸಿದರು: ಸೋಮವಾರ ಹೋಗ್ತೀವಿ, ನೀವೂ ಬರ್ರಿ. ಕಾರ್ಖಾನೆಯ ಮೂಲಕ ಆ ಸುದ್ದಿ ಕಾಲೊನಿಗೂ ಮುಟ್ಟಿತ್ತು.

ಆಗಸ್ಟ್ ಮೂರನೆಯ ವಾರ. ಮಧ್ಯಾಹ್ನ ಎರಡಕ್ಕೆ ಹೊರಡಬೇಕಿದ್ದ ಟೆಂಪೊ ನಾಲ್ಕೂವರೆಗೆ ಬಂತು, ದಾರಿಯಲ್ಲಿ ಟೈರು ಪಂಕ್ಚರ್ ಆಯಿತು. ಕಾಲೊನಿ ತಲುಪಿದಾಗ ಬೀದಿದೀಪ ಹತ್ತುತ್ತಿದ್ದವು. ನಮ್ಮ ಟೆಂಪೊ ಲೈನಿಗೆ ತಿರುಗಿದ ಕೂಡಲೇ ಮಾತುಗಳು ನಿಂತವು. ಕಟ್ಟೆಯ ಮೇಲಿದ್ದವರು ಕೂತೇ ನೋಡಿದರು. ಬಸವರಾಜಪ್ಪ ಎದ್ದು ನಿಂತರು, ಮತ್ತೆ ಕೂತರು. ಹನುಮಂತಪ್ಪ ಯಾರ ಮುಖವನ್ನೂ ನೋಡದೆ ಸಾಮಾನು ಇಳಿಸತೊಡಗಿದರು. ಮೂರು ವರ್ಷ ಸುಮ್ಮನಿದ್ದ ಬೀಗಕ್ಕೆ ಎಣ್ಣೆ ಬಿಟ್ಟು ತೆಗೆಯಬೇಕಾಯಿತು.

ಗಿರಿಜಮ್ಮ ಒಳಗೆ ಹೋಗಿ ಮೊದಲು ಒಲೆ ಹೂಡಿ ಹಾಲಿಟ್ಟರು. ಹಾಲು ಉಕ್ಕಿತು. ಎಲ್ಲರೂ ಒಂದೊಂದು ಗುಟುಕು ಕುಡಿದೆವು. ಮಿಕ್ಕ ಹಾಲು ಆರಲು ಇಟ್ಟು ಆಕೆ ಒಂದು ಖಾಲಿ ಬಟ್ಟಲು ಕೈಗೆ ತೆಗೆದುಕೊಂಡರು.

'ಹೆಪ್ಪು ತರೋದು ಮರೆತ್ರಾ?' ಎಂದೆ.

'ಮರ‍್ತಿಲ್ರಿ. ಬೇಕಂತ್ಲೆ ಬಿಟ್ಟು ಬಂದೆ' ಎಂದರು. 'ನೀವು ಮನೆಮನೆ ತಿರುಗಿ ಹೆಪ್ಪು ಕೇಳಿದ್ದು ದಾವಣಗೆರೆ ತನ ಸುದ್ದಿಯಾಗಿತ್ತು. ನಾನೂ ಒಂದ್ಸಲ ಕೇಳಿ ನೋಡಾಣ ಅಂತ ಇದ್ದೆ. ನಾಲ್ಕು ಗಂಟೆಗೆ ಬಂದಿದ್ರೆ ಕೇಳ್ತಿದ್ದೆ. ಹೊತ್ತು ಮುಳುಗೇಬಿಡ್ತು ನೋಡ್ರಿ.'

ಆಕೆ ಹೊಸ್ತಿಲಲ್ಲಿ ನಿಂತರು. ಈಗ ಯಾರ ಬಾಗಿಲಿಗೆ ಹೋದರೂ 'ಇಲ್ಲ' ಎಂಬ ಮಾತು ಸಿದ್ಧವಾಗಿತ್ತು, ಅದೂ ನ್ಯಾಯವಾದ 'ಇಲ್ಲ'. ಬಟ್ಟಲು ಹಿಡಿದ ಕೈ ನಿಧಾನವಾಗಿ ಇಳಿಯಿತು. ಎರಡು ತಿಂಗಳ ನನ್ನ ಗೆರೆಗಳೆಲ್ಲ ಆ ಬಟ್ಟಲಿನಷ್ಟೇ ಖಾಲಿ ಅನ್ನಿಸಿ ನಾನು ತಲೆ ತಗ್ಗಿಸಿದೆ.

ಆಗ ಪಕ್ಕದ ಮನೆಯ ಅಗಳಿ ತೆಗೆದ ಸದ್ದಾಯಿತು. ನೀಲಮ್ಮ ಬಂದರು. ಕೈಯಲ್ಲಿ ತಟ್ಟೆ ಮುಚ್ಚಿದ ಬಟ್ಟಲು.

'ಹೊತ್ತು ಮುಳುಗೋಕೆ ಮುಂಚೇನೇ ತೆಗ್ದಿಟ್ಟಿದ್ದೆ' ಎಂದರು, ಅರ್ಧ ಗಿರಿಜಮ್ಮನಿಗೆ, ಅರ್ಧ ಇಡೀ ಲೈನಿಗೆ ಕೇಳುವಂತೆ. 'ಅವಾಗ್ಲೇ ನಿಂದಾಗಿತ್ತು ಅದು. ಈಗ ತಂದ್ ಕೊಡ್ತಿದೀನಿ ಅಷ್ಟೆ.'

ಗಿರಿಜಮ್ಮ ಎರಡೂ ಕೈಯಲ್ಲಿ ಬಟ್ಟಲು ತೆಗೆದುಕೊಂಡರು. ನೀಲಮ್ಮ ಅಲ್ಲೇ ನಿಂತಿದ್ದರು. 'ಗಿರಿಜಾ, ಅವತ್ತು ನಾನು ಬಾಗಿಲ ಹಿಂದೆ...' ಎಂದು ಶುರು ಮಾಡಿದರು.

'ಗೊತ್ತೈತೆ ನೀಲಕ್ಕಾ' ಎಂದರು ಗಿರಿಜಮ್ಮ. 'ನಿನ್ ಬಳೆ ಸದ್ದು ಕೇಳ್ಸಿತ್ತು.' ಆಮೇಲೆ ಗಿರಿಜಮ್ಮನೇ ಬಾಗಿಲಿನಿಂದ ಪಕ್ಕಕ್ಕೆ ಸರಿದು ದಾರಿ ಬಿಟ್ಟರು. 'ಹಾಲು ಆರಿ ಹೋಗ್ತೈತೆ. ಒಳಗೆ ಬಾ.'

ನೀಲಮ್ಮ ಒಳಗೆ ಹೋದರು. ನಾನು ಹೊರಗಿನ ಕಟ್ಟೆಯ ಮೇಲೆ ಕೂತು ಅತ್ತೆ. ಟೆಂಪೊ ಡ್ರೈವರ್ ನೋಡಿದ್ದನ್ನೂ ಲೆಕ್ಕಿಸಲಿಲ್ಲ.

ಮಿಕ್ಕ ಮೂರು ಸಂಸಾರಗಳಲ್ಲಿ ಎರಡು ಆ ವರ್ಷದೊಳಗೆ ವಾಪಸ್ ಬಂದವು. ಒಂದು ಬರಲಿಲ್ಲ, ವರ್ಗ ತೆಗೆದುಕೊಂಡು ಹೋಯಿತು. ಬಸವರಾಜಪ್ಪನವರೂ ಹನುಮಂತಪ್ಪನೂ ಮಾತಾಡಲು ಮತ್ತೂ ಒಂದು ವರ್ಷ ಬೇಕಾಯಿತಂತೆ. ಗಂಡಸರಲ್ಲಿ ಹೆಪ್ಪು ನಿಧಾನ ಹಿಡಿಯುತ್ತದೆ.

ಆ ಕೆಲಸ ನನಗೆ ಕಲಿಸಿದ್ದು ಇಷ್ಟು. ಶಾಂತಿ ಇದೆಯೇ ಎಂದು ಶಾಂತಿಯ ಹೆಸರು ಹಿಡಿದು ಕೇಳಬಾರದು. ಜನ ದಿನಾ ಮಾಡುವ ಒಂದು ಸಣ್ಣ ಕೆಲಸದ ಬಗ್ಗೆ ಕೇಳಬೇಕು. ಕೇಳುವ ಮುಂಚೆ ಯಾರ ಕಟ್ಟೆಯ ಮೇಲೆ ಕೂತಿದ್ದೇನೆ ಎಂದು ನೋಡಿಕೊಳ್ಳಬೇಕು. ಉತ್ತರ ಸಿಕ್ಕಿತು ಅನ್ನಿಸಿದ ಮೇಲೂ ಇನ್ನೊಮ್ಮೆ ಯಾಕೆ ಎನ್ನಬೇಕು. ಇಷ್ಟೆಲ್ಲ ಮಾಡಿ ನಾನು ತಿಳಿದದ್ದು ಗಿರಿಜಮ್ಮನಿಗೆ ಮೂರು ವರ್ಷದಿಂದ ಗೊತ್ತಿತ್ತು. ಅವರಿಗೆ ಬೇಕಾಗಿದ್ದದ್ದು ಮಾಹಿತಿಯಲ್ಲ, ಆ ಬಾಗಿಲು ತೆಗೆಯುವುದು.

ಮುಂದಿನ ವಾರ ನಾಗರಾಜಪ್ಪನವರಿಗೆ ಎಲ್ಲವನ್ನೂ ಹೇಳಿದೆ. ಅವರು ಗ್ರಾಫ್ ಹಾಳೆ ತರಿಸಿಕೊಂಡರು. ನೀಲಮ್ಮನ ಮನೆಯಿಂದ ಗಿರಿಜಮ್ಮನ ಮನೆಗೆ ಅಳತೆಪಟ್ಟಿ ಇಟ್ಟು, ತಮ್ಮ ಎರಡನೆಯ ಪೆನ್ನಿನಿಂದ ಒಂದು ಕೆಂಪು ಗೆರೆ ಎಳೆದರು. ಶಾಯಿ ಒಣಗಲೆಂದು 'ಉಫ್' ಎಂದು ಊದಿದರು.

'ಈಗ ತುಂಬ್ತು ನೋಡ್ರಿ ಮೇಡಂ' ಎಂದರು.